ಮೆನಿಂಡಿ ಎಷ್ಟು ಟಿಎಂಸಿ?

ಅಪ್ಪ ಫೋನ್ ಎತ್ತಿದ ಕೂಡಲೇ ಮೊದಲು ಕಟ್ಟೆಯ ಲೆಕ್ಕ ಹೇಳುತ್ತಾನೆ. "ನೂರಾ ಹದ್ನೇಳಾಗದೆ ಕಣವ್ವ. ಒಳಹರಿವು ಕಮ್ಮಿ." ಆಮೇಲೆ ಊಟ ಆಯ್ತಾ, ಚಳಿ ಹೆಂಗದೆ ಅನ್ನುವ ಮಾತು. ಕಟ್ಟೆ ಅಂದರೆ ನಮ್ಮ ಕಡೆ ಒಂದೇ ಕಟ್ಟೆ, ಕನ್ನಂಬಾಡಿ. ಅದು ತುಂಬಿದರೆ 124.80 ಅಡಿ, ನೀರು 49.45 ಟಿಎಂಸಿ. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಈ ಎರಡು ಸಂಖ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಪ್ಪ ದಿನಾ ಕಟ್ಟೆಯ ಮಟ್ಟ ಬರೆಯುತ್ತಾನೆ.

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿದೆ. ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆ ನಮ್ಮ ಎರಡು ಎಕರೆಯ ಹತ್ತಿರಕ್ಕೆ ಬಂದು ಮುಗಿದುಹೋಗುತ್ತದೆ. ಪೇಪರಿನವರು ನಮ್ಮನ್ನು 'ಕೊನೆ ಭಾಗದ ರೈತರು' ಅಂತ ಬರೆಯುತ್ತಾರೆ. ಕಟ್ಟು ನೀರು ಬಿಟ್ಟಾಗ ಮೇಲಿನವರ ಗದ್ದೆ ತುಂಬಿ, ಅವರ ತೂಬು ಮುಚ್ಚಿ, ಆಮೇಲೆ ನಮಗೆ ಬರಬೇಕು. ಎಷ್ಟೋ ಸಲ ನಮ್ಮ ಸರದಿ ಬರುವಷ್ಟರಲ್ಲಿ ನಾಲೆಯ ಗೇಟು ಇಳಿದಿರುತ್ತದೆ. ರಾತ್ರಿ ಬ್ಯಾಟರಿ ಹಿಡಿದು ನಾಲೆ ಏರಿ ಮೇಲೆ ಅಪ್ಪನ ಜೊತೆ ಕೂತು ನೀರಿಗೆ ಕಾದದ್ದು ನನಗೆ ಚೆನ್ನಾಗಿ ನೆನಪಿದೆ. ಒಣಗಿದ ನಾಲೆಗೆ ನೀರು ಬರುವಾಗ ಮೊದಲು ಸದ್ದು ಕೇಳಲ್ಲ, ವಾಸನೆ ಬರುತ್ತದೆ. ಒದ್ದೆ ಮಣ್ಣು, ಕೊಳೆತ ಎಲೆ. ಆಮೇಲೆ ನೊರೆ, ಕಸ, ಅದರ ಹಿಂದೆ ನೀರು.

2018ರ ಜುಲೈನಲ್ಲಿ ನಾನು ಅಡಿಲೇಡಿಗೆ ಬಂದೆ. ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ನೀರಿನ ನೀತಿ ಮತ್ತು ಪರಿಸರ ರಾಜಕೀಯ ಓದುವ ತಂಡ ಇದೆ. ನಾವು ಆರು ಜನ. ಮರ್ರೆ-ಡಾರ್ಲಿಂಗ್ ನದಿ ಕಣಿವೆಯಲ್ಲಿ ನೀರು ಯಾರಿಗೆ ಸಿಗುತ್ತದೆ, ಅದನ್ನು ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದು ನಮ್ಮ ಕೆಲಸ. ಆಸ್ಟ್ರೇಲಿಯಾದ ಏಳರಲ್ಲಿ ಒಂದು ಭಾಗ ನೆಲ ಈ ಕಣಿವೆಯೊಳಗೆ ಬರುತ್ತದೆ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕೊನೆಗೆ ಸೌತ್ ಆಸ್ಟ್ರೇಲಿಯಾ. ಅಡಿಲೇಡ್ ಆ ಕೊನೆಯ ರಾಜ್ಯದ ರಾಜಧಾನಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಊರಿನ ನಲ್ಲಿಗೆ ಬರುವ ನೀರಿನ ಬಹುಪಾಲು ಮರ್ರೆಯಿಂದ ಪೈಪಿನಲ್ಲಿ ಬರುತ್ತದೆ.

ಮೊದಲ ವಾರವೇ ನಮ್ಮ ಪ್ರೊಫೆಸರ್ ನನ್ನನ್ನು ಗೂಲ್ವಾಗೆ ಕರೆದುಕೊಂಡು ಹೋದರು. ಮರ್ರೆ ಸಮುದ್ರ ಸೇರುವುದು ಅದರ ಹತ್ತಿರವೇ. ಉಪ್ಪು ನೀರು ಒಳಗೆ ನುಗ್ಗದ ಹಾಗೆ 1940ರ ಹೊತ್ತಿಗೆ ಕಟ್ಟಿ ಮುಗಿಸಿದ ಐದು ತಡೆಗಳಿವೆ. ಅದರಾಚೆ ನದಿಯ ಬಾಯಿ. ಅಲ್ಲಿ ಒಂದು ಯಂತ್ರ ನಿಂತು ಮರಳು ಎತ್ತುತ್ತಿತ್ತು. ಸಾಕಷ್ಟು ನೀರು ಹರಿದು ಬರದಿದ್ದರೆ ಸಮುದ್ರದ ಮರಳು ನದಿಯ ಬಾಯಿ ಮುಚ್ಚಿಬಿಡುತ್ತದೆ. 1981ರಲ್ಲಿ ಪೂರ್ತಿ ಮುಚ್ಚಿಹೋಗಿತ್ತು. 2002ರಲ್ಲಿ ಶುರು ಮಾಡಿದ ಹೂಳೆತ್ತುವ ಕೆಲಸ 2010ರವರೆಗೆ ನಡೆಯಿತು, 2015ರಲ್ಲಿ ಮತ್ತೆ ಶುರುವಾಯಿತು. ಎರಡೂವರೆ ಸಾವಿರ ಕಿಲೋಮೀಟರ್ ಹರಿದು ಬಂದ ನದಿಗೆ ಸಮುದ್ರ ಸೇರಲು ಯಂತ್ರದ ಸಹಾಯ ಬೇಕಾಗಿತ್ತು. ನಾನು ಅಲ್ಲೇ ನಿಂತು ನಮ್ಮ ಉಪನಾಲೆಯ ಕೊನೆ ನೆನಪಿಸಿಕೊಂಡೆ.

ಅವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಇಲ್ಲೂ ನಾವು ಕೊನೆ ಭಾಗದವರೇ ಅಪ್ಪ. ಮೇಲಿನ ರಾಜ್ಯದವರು ಬಿಟ್ಟರೆ ನಮಗೆ ನೀರು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ನೀನೀಗ ತಮಿಳ್ನಾಡಿನ ಜಾಗದಲ್ಲಿದ್ದೀಯ ಅನ್ನು" ಅಂದ.

ಅದು ನನಗೆ ಹೊಳೆದೇ ಇರಲಿಲ್ಲ. ಮಂಡ್ಯದಲ್ಲಿ ನಮ್ಮ ಹೊಲ ನಾಲೆಯ ಕೊನೆಗಿದ್ದರೂ ನದಿಯ ಲೆಕ್ಕದಲ್ಲಿ ನಾವು ಮೇಲಿನವರು. ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದು ನೀರು ಬಿಡುವವರು ನಾವು. ಇಲ್ಲಿ ಗಡಿಯಲ್ಲಿ ಅಳೆದು ನೀರು ತೆಗೆದುಕೊಳ್ಳುವ ಕಡೆ ನಾನಿದ್ದೇನೆ. ಸೌತ್ ಆಸ್ಟ್ರೇಲಿಯಾಕ್ಕೆ ವರ್ಷಕ್ಕೆ ಬರಬೇಕಾದ ಪಾಲು 1,850 ಗಿಗಾಲೀಟರ್. ಒಂದು ಗಿಗಾಲೀಟರ್ ಅಂದರೆ ನೂರು ಕೋಟಿ ಲೀಟರ್. ಅಪ್ಪನಿಗೆ ಅದು ಅರ್ಥ ಆಗಲ್ಲ. 28.3ರಿಂದ ಭಾಗಿಸಿದರೆ ಟಿಎಂಸಿ ಬರುತ್ತದೆ. 65 ಟಿಎಂಸಿ ಅಂದೆ. "ನಮ್ಮ ಕಟ್ಟೇಗಿಂತ ಜಾಸ್ತಿನೇಯ" ಅಂದ. ಅಲ್ಲಿಂದ ಶುರುವಾಯಿತು. ಇಲ್ಲಿನ ಪ್ರತಿ ಸಂಖ್ಯೆಯನ್ನೂ ನಾನು ಟಿಎಂಸಿಗೆ ತಿರುಗಿಸಿ ಅಪ್ಪನಿಗೆ ಹೇಳತೊಡಗಿದೆ. ನನ್ನ ಡೈರಿಯ ಎಡಗಡೆ ಗಿಗಾಲೀಟರ್, ಬಲಗಡೆ ಟಿಎಂಸಿ.

ನಮ್ಮ ತಂಡದಲ್ಲಿ ರಾಜ್‌ಶಾಹಿಯ ಗೆಳತಿಯೊಬ್ಬಳಿದ್ದಾಳೆ. ಗಂಗೆ ಫರಕ್ಕಾ ದಾಟಿದ ಮೇಲೆ ಅವಳ ಊರಿನ ಪದ್ಮಾ ಆಗುತ್ತಾಳೆ. ಫರಕ್ಕಾ ಬ್ಯಾರೇಜ್ ಶುರುವಾದದ್ದು 1975ರಲ್ಲಿ. ಬೇಸಿಗೆಯಲ್ಲಿ ಅವಳ ಊರಿನ ಹುಡುಗರು ನದಿಯ ಮರಳಿನಲ್ಲಿ ಆಟ ಆಡುತ್ತಾರಂತೆ. ಅವಳಿಗೆ ಮೇಲಿನವರು ಅಂದರೆ ನಾವು, ಭಾರತದವರು. ಮೊದಲ ಸಲ ಅವಳು ಇದನ್ನು ಹೇಳಿದಾಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಈಗ ನಾವಿಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತು ಸಂದರ್ಶನಗಳನ್ನು ಬರೆದಿಳಿಸುತ್ತೇವೆ.

ಈ ದೇಶದ ನೀರಿನ ಪದ್ಧತಿಯಲ್ಲಿ ಅಪ್ಪನಿಗೆ ಹೇಳಿ ಅರ್ಥ ಮಾಡಿಸಲು ತುಂಬಾ ಕಷ್ಟವಾದದ್ದು ಒಂದು ವಿಷಯ. ಇಲ್ಲಿ ನೀರು ಬೇರೆ, ಭೂಮಿ ಬೇರೆ. 1994ರ ಸುಧಾರಣೆಯ ನಂತರ ನೀರಿನ ಲೈಸೆನ್ಸನ್ನು ಜಮೀನಿನಿಂದ ಬೇರೆ ಮಾಡಿದರು. ಜಮೀನು ಇಟ್ಟುಕೊಂಡು ನೀರು ಮಾರಬಹುದು. ಒಂದು ಗುಂಟೆ ಜಮೀನಿಲ್ಲದವರೂ ನೀರು ಕೊಳ್ಳಬಹುದು. ಪೂರ್ತಿ ಹಕ್ಕನ್ನೇ ಮಾರಬಹುದು, ಇಲ್ಲ ಈ ವರ್ಷದ ಪಾಲನ್ನು ಮಾತ್ರ ಮಾರಬಹುದು. ದರ ಮಳೆಯ ಮೇಲೆ ನಿಂತಿದೆ. ಮಳೆ ಚೆನ್ನಾಗಿ ಬಂದ ವರ್ಷ ಹತ್ತು ಲಕ್ಷ ಲೀಟರಿಗೆ ಐವತ್ತು ಡಾಲರಿಗಿಂತ ಕಡಿಮೆ ಇರುತ್ತದೆ. ಬರ ಬಿದ್ದರೆ ಸಾವಿರ ಡಾಲರ್ ಹತ್ತಿರಕ್ಕೆ ಹೋಗುತ್ತದೆ.

"ನೀರ್ನ ಮಾರ್ಕಂಡ್ರೆ ಭೂಮಿ ಏನ್ ಮಾಡ್ತದವ್ವ?" ಅಂತ ಅಪ್ಪ ಕೇಳಿದ.

ಅದಕ್ಕೆ ಉತ್ತರ ನಾನು ಕಂಡದ್ದು ಡೆನಿಲಿಕ್ವಿನ್ ಅನ್ನುವ ಊರಿನ ಹತ್ತಿರ. ಇದು ನ್ಯೂ ಸೌತ್ ವೇಲ್ಸ್‌ನ ಭತ್ತದ ನಾಡು. ನಮ್ಮ ಹಾಗೆ ನಾಲೆ, ತೂಬು, ಗದ್ದೆ. ಆದರೆ ಒಂದೊಂದು ಗದ್ದೆಯೂ ನಮ್ಮ ಅರ್ಧ ಊರಿನಷ್ಟು. 1997ರಿಂದ 2009ರವರೆಗಿನ ದೊಡ್ಡ ಬರದಲ್ಲಿ ಇಲ್ಲಿನ ಅಕ್ಕಿ ಗಿರಣಿ 2007ರಲ್ಲಿ ಬಾಗಿಲು ಹಾಕಿತ್ತು. ಮಳೆ ಬಂದ ಮೇಲೆ ಮತ್ತೆ ತೆರೆಯಿತು. ನಾವು ಹೋದದ್ದು 2019ರಲ್ಲಿ. ಮತ್ತೆ ಬರ. ಆಗಷ್ಟೇ ಮುಗಿದ ನೀರಿನ ವರ್ಷದಲ್ಲಿ ನ್ಯೂ ಸೌತ್ ವೇಲ್ಸ್‌ನ ಮರ್ರೆ ಭಾಗದ ಸಾಮಾನ್ಯ ದರ್ಜೆಯ ಲೈಸೆನ್ಸುಗಳಿಗೆ, ಅಂದರೆ ನೀರು ಕಮ್ಮಿಯಾದರೆ ಮೊದಲು ಕಡಿತ ಬೀಳುವ ಲೈಸೆನ್ಸುಗಳಿಗೆ, ಸಿಕ್ಕ ನೀರು ಸೊನ್ನೆ.

ಅರವತ್ತು ದಾಟಿದ ರೈತರೊಬ್ಬರು ನಮ್ಮನ್ನು ಮರ್ರೆಯ ದಡಕ್ಕೆ ಕರೆದುಕೊಂಡು ಹೋದರು. ನದಿ ತುಂಬಿ ಹರಿಯುತ್ತಿತ್ತು. ದಡದ ರೆಡ್ ಗಮ್ ಮರಗಳ ಬುಡದ ತನಕ ನೀರು. ಅವರ ಗದ್ದೆಯಲ್ಲಿ ಮಾತ್ರ ಹಿಂದಿನ ಬೆಳೆಯ ಕೂಳೆ ಬೆಳ್ಳಗೆ ಒಣಗಿ ನಿಂತಿತ್ತು. ಆ ನೀರು ಕೆಳಗಿನವರದು. ಒಂದಷ್ಟು ಬಾದಾಮಿ ತೋಟಗಳಿಗೆ, ಒಂದಷ್ಟು ಸೌತ್ ಆಸ್ಟ್ರೇಲಿಯಾಕ್ಕೆ, ಒಂದಷ್ಟು ನದಿಗೇ ಅಂತ ಸರ್ಕಾರ ಕೊಂಡದ್ದು. ಅವರು ಕೈಕಟ್ಟಿ ನಿಂತು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಎಲ್ಲಿಂದ ಬಂದಿರಿ ಅಂತ ಕೇಳಿದರು. ಅಡಿಲೇಡ್ ಅಂದೆ. ಅವರ ಮುಖ ಬದಲಾಯಿತು. ಬಾಯಲ್ಲಿ ಏನೂ ಹೇಳಲಿಲ್ಲ.

ಆ ಮುಖ ನನಗೆ ಗೊತ್ತು. ನೀರು ಬಿಡಿ ಅಂತ ಆದೇಶ ಬಂದ ದಿನ ಗದ್ದೆಯ ಬದುವಿನ ಮೇಲೆ ನಿಂತ ಅಪ್ಪನ ಮುಖ ಅದು. ನನ್ನ ಊರು ಮಂಡ್ಯದ ಕಡೆ, ನಮ್ಮಪ್ಪನೂ ಭತ್ತ ಬೆಳೆಯುತ್ತಾರೆ, ನಮ್ಮ ನದಿಯ ನೀರೂ ಕೆಳಗಿನ ರಾಜ್ಯಕ್ಕೆ ಹೋಗುತ್ತದೆ ಅಂತ ಹೇಳಿದೆ. ಅವರು ಮನೆಯೊಳಗೆ ಕರೆದು ಟೀ ಕೊಟ್ಟರು. ಎರಡು ಗಂಟೆ ಮಾತಾಡಿದರು. ಪಕ್ಕದವರು ನೀರು ಮಾರಿ ಹೋದ ಮೇಲೆ ನಾಲೆಯ ಖರ್ಚು ಉಳಿದವರ ಮೇಲೆ ಬಿದ್ದದ್ದು, ಶಾಲೆಯಲ್ಲಿ ಮಕ್ಕಳು ಕಮ್ಮಿಯಾದದ್ದು, ಫುಟ್‌ಬಾಲ್ ಟೀಮಿಗೆ ಹುಡುಗರೇ ಸಿಗದೇ ಇದ್ದದ್ದು. ಅಪ್ಪನ ಪ್ರಶ್ನೆಗೆ ಉತ್ತರ ಇದೇ. ನೀರು ಹೋದ ಮೇಲೆ ಭೂಮಿ ಅಲ್ಲೇ ಇರುತ್ತದೆ, ಊರು ಖಾಲಿಯಾಗುತ್ತದೆ. ಆ ಡಿಸೆಂಬರಿನಲ್ಲಿ ಈ ಕಡೆಯ ರೈತರು ಲಾರಿ, ಟ್ರಕ್ಕುಗಳಲ್ಲಿ ಕ್ಯಾನ್‌ಬೆರಾಗೆ ಹೋಗಿ ಸಂಸತ್ತಿನ ಮುಂದೆ ಕೂಗಿದರು. 2010ರಲ್ಲಿ ಗ್ರಿಫಿತ್ ಊರಿನವರು ನದಿ ಯೋಜನೆಯ ಕರಡು ಪುಸ್ತಕವನ್ನೇ ರಸ್ತೆಯಲ್ಲಿ ಸುಟ್ಟಿದ್ದರು. ಬೆಂಗಳೂರು-ಮೈಸೂರು ಹೆದ್ದಾರಿ ತಡೆ ನೋಡಿ ಬೆಳೆದ ನನಗೆ ಇದ್ಯಾವುದೂ ಹೊಸದಲ್ಲ.

ಆ ಯೋಜನೆಯಲ್ಲಿ ಏನಿತ್ತು ಅಂತ ಹೇಳಬೇಕು. ನನಗೆ ಈ ಕೆಲಸದಲ್ಲಿ ತುಂಬಾ ಮುಖ್ಯ ಅನಿಸಿದ್ದು ಅದೇ. ಕಣಿವೆಯಲ್ಲಿ ಜನ ವರ್ಷಕ್ಕೆ 13,623 ಗಿಗಾಲೀಟರ್ ತೆಗೆಯುತ್ತಿದ್ದರು, ನಮ್ಮ ಲೆಕ್ಕದಲ್ಲಿ 481 ಟಿಎಂಸಿ. 2012ರ ಯೋಜನೆ ಅದನ್ನು 10,873ಕ್ಕೆ ಇಳಿಸಬೇಕು ಅಂದಿತು. ಮಧ್ಯದ 2,750 ಗಿಗಾಲೀಟರ್, ಅಂದರೆ 97 ಟಿಎಂಸಿ, ನದಿಗೆ. ಸರ್ಕಾರ ದುಡ್ಡು ಕೊಟ್ಟು ರೈತರ ಕೈಯಿಂದ ಲೈಸೆನ್ಸ್ ಕೊಳ್ಳಬೇಕು. ಆ ನೀರನ್ನು ನದಿಯ ಪರವಾಗಿ ಇಟ್ಟುಕೊಳ್ಳಲು ಕಾಯ್ದೆಯಲ್ಲೇ ಒಬ್ಬ ಅಧಿಕಾರಿ ಇದ್ದಾರೆ. ರೈತರಿಗೆ ಇರುವ ಹಾಗೆಯೇ ನದಿಯ ಹೆಸರಿನಲ್ಲೂ ಖಾತೆ. ಬರ ಬಂದರೆ ಆ ಖಾತೆಗೂ ಪಾಲು ಕಡಿಮೆಯಾಗುತ್ತದೆ. ಆದರೆ ಖಾತೆ ಇದೆ.

ರಾಜಕೀಯ ಅದನ್ನು ಸುಮ್ನೆ ಬಿಡಲಿಲ್ಲ. 2015ರಲ್ಲಿ ಸರ್ಕಾರ ಹೀಗೆ ಕೊಳ್ಳುವ ನೀರಿಗೆ 1,500 ಗಿಗಾಲೀಟರ್ ಮಿತಿ ಹಾಕಿತು. 2023ರಲ್ಲಿ ಬೇರೆ ಸರ್ಕಾರ ಬಂದು ಅದನ್ನು ತೆಗೆಯಿತು. ಯೋಜನೆ ಮುಗಿಸುವ ಗಡುವನ್ನೂ ಮುಂದಕ್ಕೆ ಹಾಕಿತು.

ಈಗ ಮೆನಿಂಡಿಗೆ ಬರುತ್ತೇನೆ.

ಮೆನಿಂಡಿ ಡಾರ್ಲಿಂಗ್ ನದಿಯ ದಡದ ಊರು, ಸುಮಾರು ಐನೂರು ಜನ. ಅಲ್ಲಿನ ಮೂಲನಿವಾಸಿಗಳು ಬಾರ್ಕಿಂಜಿ. ನದಿಯನ್ನು ಅವರು ಬಾಕಾ ಅನ್ನುತ್ತಾರೆ. ಅವರ ಜನದ ಹೆಸರು ಬಂದಿರುವುದೇ ನದಿಯಿಂದ. ಊರಿನ ಪಕ್ಕ ಕೆರೆಗಳ ಸಾಲಿದೆ. ತುಂಬಿದರೆ 1,731 ಗಿಗಾಲೀಟರ್. ಅಪ್ಪ ಕೇಳುವ ಮೊದಲೇ ಲೆಕ್ಕ ಹಾಕಿದ್ದೆ, 61 ಟಿಎಂಸಿ. ಕನ್ನಂಬಾಡಿಗಿಂತ ದೊಡ್ಡದು.

ನಾವು ಹೋದದ್ದು 2019ರ ಫೆಬ್ರವರಿಯಲ್ಲಿ. ಅಡಿಲೇಡಿನಿಂದ ಬ್ರೋಕನ್ ಹಿಲ್‌ವರೆಗೆ ಐನೂರು ಕಿಲೋಮೀಟರ್, ಅಲ್ಲಿಂದ ಮತ್ತೆ ನೂರಾ ಹತ್ತು. ಕೆರೆಗಳು ಬಟ್ಟಬಯಲಾಗಿದ್ದವು. ನದಿ ಹರಿಯುವುದು ನಿಂತು ಗುಂಡಿ ಗುಂಡಿಯಾಗಿ ಉಳಿದಿತ್ತು. ನೀರಿನ ಬಣ್ಣ ಅರೆದ ಕೊತ್ತಂಬರಿ ಸೊಪ್ಪಿನ ಹಾಗೆ. ಹಿಂದಿನ ಡಿಸೆಂಬರಿನಿಂದ ಜನವರಿಯೊಳಗೆ ಮೂರು ಸಲ ಮೀನು ಸತ್ತಿದ್ದವು, ಹತ್ತು ಲಕ್ಷಕ್ಕೂ ಜಾಸ್ತಿ ಅನ್ನುವ ಅಂದಾಜು. ಮರ್ರೆ ಕಾಡ್ ಅನ್ನುವ ಮೀನು ಹತ್ತಾರು ವರ್ಷ ಬದುಕುತ್ತದೆ, ಆಳೆತ್ತರ ಬೆಳೆಯುತ್ತದೆ. ಎಷ್ಟು ಬರ ದಾಟಿ ಬಂದ ಮೀನುಗಳೋ, ಅವೂ ಹೊಟ್ಟೆ ಮೇಲಾಗಿ ತೇಲಿದವು.

ನೀರು ಹರಿಯದೆ ನಿಂತರೆ ಬಿಸಿಲಿಗೆ ಮೇಲಿನ ಪದರ ಕಾಯುತ್ತದೆ, ತಳದ ನೀರು ತಣ್ಣಗೇ ಉಳಿಯುತ್ತದೆ. ಮೇಲೆ ಪಾಚಿ ಬೆಳೆಯುತ್ತದೆ, ತಳದಲ್ಲಿ ಆಮ್ಲಜನಕ ಖಾಲಿಯಾಗುತ್ತದೆ. ಒಂದು ದಿನ ದಿಢೀರನೆ ತಣ್ಣನೆ ಗಾಳಿ ಬೀಸಿದರೆ ಮೇಲಿನದೂ ಕೆಳಗಿನದೂ ಕಲೆತುಹೋಗುತ್ತವೆ. ರಾತ್ರಿ ಕಳೆಯುವಷ್ಟರಲ್ಲಿ ಇಡೀ ಗುಂಡಿಯಲ್ಲಿ ಉಸಿರಾಡಲು ಏನೂ ಉಳಿಯಲ್ಲ.

ಸರ್ಕಾರದವರು ಒಂದು ಗುಂಡಿಯಲ್ಲಿ ಗಾಳಿ ತುಂಬುವ ಯಂತ್ರ ಇಟ್ಟಿದ್ದರು. ಬೊಳಬೊಳ ಅಂತ ಗುಳ್ಳೆ ಏಳುತ್ತಿತ್ತು. ಆ ಗುಳ್ಳೆಯ ಸುತ್ತ ಕೈಯಗಲದ ಮೀನುಗಳು ಬಾಯಿ ಮೇಲೆತ್ತಿಕೊಂಡು ಒಂದಕ್ಕೊಂದು ಒತ್ತಿ ನಿಂತಿದ್ದವು. ನಾನು ದಡದ ಬಿರುಕು ಬಿಟ್ಟ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ನಾಲೆಗೆ ನೀರು ಬರುವ ಮೊದಲು ಬರುತ್ತಿದ್ದ ಅದೇ ಒದ್ದೆ ಮಣ್ಣಿನ ವಾಸನೆ. ಆದರೆ ಕೊಳೆತು ನಾರುತ್ತಿತ್ತು.

ಬಾರ್ಕಿಂಜಿ ಅಜ್ಜಿಯೊಬ್ಬರು ನಮ್ಮ ಜೊತೆ ಬಂದಿದ್ದರು. ಅವರ ಕಾರಿನ ಡಿಕ್ಕಿಯಲ್ಲಿ ಯಾರೋ ದಾನ ಕೊಟ್ಟ ನೀರಿನ ಬಾಟಲಿಗಳ ಪೆಟ್ಟಿಗೆಗಳಿದ್ದವು. ನಲ್ಲಿ ನೀರು ಕುಡಿಯಲು ಅವರಿಗೆ ಧೈರ್ಯವಿರಲಿಲ್ಲ. 2015ರಲ್ಲಿ ಕೋರ್ಟು ಬಾರ್ಕಿಂಜಿ ಜನಕ್ಕೆ ಅವರ ನೆಲದ ಮೇಲಿನ ಹಕ್ಕನ್ನು ಒಪ್ಪಿಕೊಂಡಿದೆ. ನದಿಗೆ ಹೋಗುವ, ಮೀನು ಹಿಡಿಯುವ ಹಕ್ಕೂ ಅದರಲ್ಲಿದೆ. ನದಿಯಲ್ಲಿ ನೀರಿರಲೇಬೇಕು ಅನ್ನುವ ಹಕ್ಕು ಇಲ್ಲ. ಇಡೀ ಕಣಿವೆಯ ನೀರಿನ ಲೈಸೆನ್ಸುಗಳಲ್ಲಿ ಮೂಲನಿವಾಸಿಗಳ ಕೈಯಲ್ಲಿರುವುದು ನೂರಕ್ಕೆ ಒಂದು ಪಾಲೂ ಅಲ್ಲ.

ಕೆರೆ ಯಾಕೆ ಖಾಲಿಯಾಯಿತು ಅಂತ ನಾವು ಅಜ್ಜಿಯನ್ನು ಕೇಳಿದೆವು. ಮೇಲೆ ಹತ್ತಿಯ ಹೊಲದವರು ಪಂಪಿನಲ್ಲಿ ತೆಗೆಯುವುದು, ಬರ, ಎರಡೂ ಹೇಳಿದರು. ಆಮೇಲೆ ಇನ್ನೊಂದು ಹೇಳಿದರು. ಕೆರೆಗಳು 2016ರಲ್ಲಿ ತುಂಬಿದ್ದವು, ಆಮೇಲೆ ನೀರು ಕೆಳಗೆ ಬಿಟ್ಟರು ಅಂತ. ನಾನು ವಾಪಸ್ ಬಂದು ನಿಯಮ ಓದಿದೆ. ಮೆನಿಂಡಿಯಲ್ಲಿ 640 ಗಿಗಾಲೀಟರಿಗಿಂತ ಮೇಲಿದ್ದರೆ ಆ ನೀರು ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ ಮೂರೂ ರಾಜ್ಯಗಳಿಗೆ ಸೇರಿದ್ದು. 480ಕ್ಕಿಂತ ಕೆಳಗಿಳಿದರೆ ನ್ಯೂ ಸೌತ್ ವೇಲ್ಸ್‌ನದು. ನಮ್ಮ ಲೆಕ್ಕದಲ್ಲಿ 22.6 ಮತ್ತು 17 ಟಿಎಂಸಿ. ಆಳವಿಲ್ಲದ ಕೆರೆಗಳು, ಬಿಸಿಲಿಗೆ ಹೇಗೂ ಆರಿಹೋಗುತ್ತದೆ, ಹಾಗಾಗಿ ಮೊದಲು ಇಲ್ಲಿಂದಲೇ ಬಿಡೋಣ ಅನ್ನುವುದು ಲೆಕ್ಕ. ಹಾಗೆ ಬಿಟ್ಟ ನೀರು ಮರ್ರೆ ಸೇರಿತು. ಕೆಳಗಿನ ಊರುಗಳ, ತೋಟಗಳ ಲೆಕ್ಕಕ್ಕೆ ಹೋಯಿತು. ಸೌತ್ ಆಸ್ಟ್ರೇಲಿಯಾದ ಪಾಲಿಗೂ ಹೋಯಿತು.

ಅಂದರೆ ನಾನೀಗ ಇರುವ ರಾಜ್ಯಕ್ಕೆ. ನಾನು ತಿರುಗಿಸುವ ನಲ್ಲಿಯ ಲೆಕ್ಕ ಆ ಅಜ್ಜಿಯ ಕೆರೆಯ ಲೆಕ್ಕಕ್ಕೆ ಅಂಟಿಕೊಂಡಿದೆ.

ಆ ರಾತ್ರಿ ನನಗೆ ತೊರೆಕಾಡನಹಳ್ಳಿ ನೆನಪಾಯಿತು. ಅದು ನಮ್ಮದೇ ಮಳವಳ್ಳಿ ತಾಲ್ಲೂಕು. ಬೆಂಗಳೂರು ಕುಡಿಯುವ ಕಾವೇರಿ ನೀರನ್ನು ಅಲ್ಲಿ ಶುದ್ಧ ಮಾಡಿ ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಬೆಟ್ಟದ ಎತ್ತರಕ್ಕೆ ಪಂಪ್ ಮಾಡುತ್ತಾರೆ. ನಾನು ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿದ ಆರು ವರ್ಷವೂ ಅದೇ ನೀರು ಕುಡಿದೆ. ಊರಿಗೆ ಬಂದಾಗ ನಾಲೆ ಒಣಗಿದೆ ಅಂತ ಅಪ್ಪನ ಜೊತೆ ಸೇರಿ ತಮಿಳುನಾಡನ್ನು ಬೈಯುತ್ತಿದ್ದೆ. ಆ ದೊಡ್ಡ ಪೈಪುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅದರೊಳಗೆ ಹೋಗುತ್ತಿರುವುದು ನನ್ನ ಬಕೆಟ್ಟಿನ ನೀರು ಅಂತ ಒಂದು ಸಲವೂ ಅನಿಸಿರಲಿಲ್ಲ.

ಬೆಂಗಳೂರಿಗೆ ನೀರು ಬೇಡ ಅಂತ ನಾನು ಹೇಳುವುದಿಲ್ಲ. ಅಡಿಲೇಡಿಗೂ ಬೇಕು. ಆದರೆ ಅಡಿಲೇಡಿನವರು ಕೊನೆಗೆ ಸಮುದ್ರದ ನೀರಿನ ಉಪ್ಪು ತೆಗೆಯುವ ಘಟಕ ಕಟ್ಟಿದರು. ಅದು ವರ್ಷಕ್ಕೆ 100 ಗಿಗಾಲೀಟರ್ ಕೊಡಬಲ್ಲದು, ಮೂರೂವರೆ ಟಿಎಂಸಿ. ತುಂಬಾ ದುಬಾರಿ. ಆದರೂ ನದಿಯೊಂದನ್ನೇ ನಂಬಿ ಕೂರುವುದು ತಪ್ಪಿತು. ನಮ್ಮ ಕಡೆ 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್. ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗೆ ಆ ನೀರು ಬೇಕೇ ಬೇಕು. ಅಲ್ಲಿನ ಹೆಂಗಸರು ಟ್ಯಾಂಕರಿಗೆ ಕಾದು ಸುಸ್ತಾಗಿದ್ದಾರೆ. ಬೆಂಗಳೂರಿನ ಕೆರೆಗಳ ನೀರು, ಮಳೆ ನೀರು, ಬಳಸಿದ ನೀರು ಇದೆಲ್ಲದರ ಲೆಕ್ಕ ಮೊದಲು ಆಗಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೆನಿಂಡಿಯಿಂದ ಹೊರಡುವಾಗ ಆ ಅಜ್ಜಿ ಕೇಳಿದ ಒಂದು ಪ್ರಶ್ನೆ ನನ್ನ ಜೊತೆ ಬಂತು. ನಿಮ್ಮ ನದಿಯ ಹೆಸರಿನಲ್ಲಿ ನೀರು ಇದೆಯಾ, ಎಷ್ಟು ಅಂತ ಕೇಳಿದ್ದರು. ನನಗೆ ತಕ್ಷಣ ಬಾಯಿಗೆ ಬರಲಿಲ್ಲ. ನೋಡಿ, ಕಾವೇರಿಯ ಎಲ್ಲ ಸಂಖ್ಯೆ ಗೊತ್ತಿದ್ದ ನನಗೆ ಅದೊಂದು ಗೊತ್ತಿರಲಿಲ್ಲ. ಆಮೇಲೆ ತೆಗೆದು ನೋಡಿದೆ. 2007ರ ನ್ಯಾಯಮಂಡಳಿಯ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆ 10. ಸಮುದ್ರಕ್ಕೆ ಹೇಗೂ ಹರಿದುಹೋಗುವುದು ಅಂತ 4. 2018ರಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲಿಗೆ 14.75 ಸೇರಿಸಿತು, ತಮಿಳುನಾಡಿನದರಲ್ಲಿ ಅಷ್ಟು ಕಡಿಮೆ ಮಾಡಿತು. ಬಿಳಿಗುಂಡ್ಲುವಿನ ಲೆಕ್ಕ 192ರಿಂದ 177.25ಕ್ಕೆ ಬಂತು. ಪರಿಸರದ ಆ ಹತ್ತು ಟಿಎಂಸಿ ಈ ಲೆಕ್ಕದೊಳಗೇ ಸೇರಿದೆ.

ಇದನ್ನು ಅಪ್ಪನಿಗೆ ಹೇಳಲು ಧೈರ್ಯ ಬಂದದ್ದು ತುಂಬಾ ತಡವಾಗಿ. 2023ರ ಮಾರ್ಚಿನಲ್ಲಿ ಮೆನಿಂಡಿಯಲ್ಲಿ ಮತ್ತೆ ಮೀನು ಸತ್ತವು, ಈ ಸಲ ಪ್ರವಾಹ ಇಳಿದ ಮೇಲೆ, ಕೋಟಿ ಲೆಕ್ಕದಲ್ಲಿ. ಅದೇ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಮಳೆ ಇಲ್ಲ. ಕಾವೇರಿ ಪ್ರಾಧಿಕಾರ ದಿನಕ್ಕೆ 5,000 ಕ್ಯೂಸೆಕ್ ಬಿಡಿ ಅಂದಿತ್ತು. ಮಂಡ್ಯ ಬಂದ್, ಬೆಂಗಳೂರು ಬಂದ್, ಕರ್ನಾಟಕ ಬಂದ್, ಒಂದೇ ವಾರದಲ್ಲಿ ಮೂರು. ಆಗ ಹೇಳುವುದು ಸರಿಯಲ್ಲ ಅನಿಸಿತು. ಕಳೆದ ಸಲ ಊರಿಗೆ ಹೋದಾಗ ಹೇಳಿದೆ. ಸಂಜೆ ನಾಲೆ ಏರಿ ಮೇಲೆ ಕೂತಿದ್ದೆವು. ನೀರು ಬಂದಿತ್ತು, ಮೊಣಕಾಲುದ್ದ. ಅಪ್ಪ ಕಾಲು ಇಳಿಬಿಟ್ಟುಕೊಂಡಿದ್ದ. ನಾನು ಗುಂಡಿಯಲ್ಲಿ ಬಾಯಿ ಎತ್ತಿ ನಿಂತಿದ್ದ ಮೀನುಗಳ ವಿಷಯ ಹೇಳಿದೆ. ಅಜ್ಜಿಯ ಪ್ರಶ್ನೆ ಹೇಳಿದೆ. ಹತ್ತು ಟಿಎಂಸಿ ಹೇಳಿದೆ.

ಅಪ್ಪ ನೀರು ನೋಡುತ್ತಾ ಕೂತಿದ್ದ.

"ಅಂಗಾದ್ರೆ ನಾವು ಬಿಡೋ ನೀರಲ್ಲಿ ಹೊಳೇದೂ ಅದೆ ಅನ್ನು."

"ಹೂಂ ಅಪ್ಪ, ಅದೆ."

"ಅದ್ನ ನಮ್ಗೆ ಯಾರೂ ಹೇಳ್ನಿಲ್ವಲ್ಲವ್ವ."